ತುತ್ತಿಗೊಂದು ಕಾರ್ಟೂನು

ಸ್ನೇಹಿತರೇ, ಇವತ್ತು ಲಕ್ಷ್ಮೇಶ್ವರದ ಮಕ್ಕಳ ಡಾಕ್ಟರ ಮುಂದೆ ನಾನು ಸಿಕ್ಕಿಬಿದ್ದೆ. ಐದು ವರ್ಷದ ಮೊಮ್ಮಗಳು ಸೃಷ್ಟಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆಂದು ಸೊಸೆ ರೇಖಾ ಮತ್ತು ನಾನು ಅವಳನ್ನು ಕರೆದುಕೊಂಡು ಹೋಗಿದ್ದೆವು. ಅವಳ ತೂಕ ವಯಸ್ಸಿಗೆ ಮೀರಿ ಹೆಚ್ಚಿತ್ತು.

"ಅತ್ತಿಯವರು ತುಪ್ಪ ಭಾಳ ಹಾಕ್ತಾರ್ರಿ," ಎಂದಳು ರೇಖಾ.

"ನೀ ಬಿಸ್ಕೀಟು ಕೊಡಂಗಿಲ್ಲೇನು?" ಎಂದೆ ನಾನು.

ಡಾಕ್ಟರು ನಮ್ಮಿಬ್ಬರನ್ನೂ ಬಿಟ್ಟು ಮಗುವನ್ನೇ ಕೇಳಿದರು, "ರಾತ್ರಿ ಎಷ್ಟೊತ್ತಿಗೆ ಮಲಗ್ತಿ ಪುಟ್ಟಿ?"

"ಅಜ್ಜಿ ಮೊಬೈಲ್ ಚಾರ್ಜ್ ಮುಗದ ಮ್ಯಾಲೆ."

"ಊಟ ಹೆಂಗ ಮಾಡ್ತಿ?"

"ಕಾರ್ಟೂನ್ ಹಚ್ಚಿಕೊಟ್ರ ಉಣ್ತೀನಿ."

ನಾನು ತಲೆ ತಗ್ಗಿಸಿದೆ. ಹಟ ಮಾಡದೆ ಉಣ್ಣಲಿ ಎಂದು ಫೋನ್ ಕೈಗಿಟ್ಟವಳು ನಾನೇ.

"ನಿದ್ದಿ ಕಡಿಮಿ ಆದ್ರ ಹಸಿವು ಹೆಚ್ಚಾಗಬಹುದ್ರಿ. ಮೊಬೈಲ್ ನೋಡ್ಕೋತ ಉಂಡ್ರ ಹೊಟ್ಟಿ ತುಂಬಿದ್ದು ಮಕ್ಕಳಿಗೆ ತಿಳಿಯಂಗಿಲ್ಲ. ಜಲ್ದಿ ಮಲಗಸ್ರಿ, ಹೊರಗ ಆಡಾಕ ಬಿಡ್ರಿ," ಎಂದರು ಡಾಕ್ಟರು.

ಮಧ್ಯಾಹ್ನ ಫೋನಿಲ್ಲದೆ ಊಟಕ್ಕೆ ಕೂರಿಸಿದೆವು. ಸೃಷ್ಟಿ ಅತ್ತಳು, ತಟ್ಟೆ ದೂಡಿದಳು. ನಾವು ನಮ್ಮ ಪಾಡಿಗೆ ಉಂಡೆವು. ಸ್ವಲ್ಪ ಹೊತ್ತಿಗೆ ಅವಳೇ ರೊಟ್ಟಿ ಮುರಿದು ಹೆಸರುಕಾಳಿನ ಪಲ್ಯದೊಂದಿಗೆ ತಿನ್ನತೊಡಗಿದಳು. ಒಂದು ರೊಟ್ಟಿ ಮುಗಿಸಿ, "ಸಾಕು ಅಜ್ಜಿ, ಹೊಟ್ಟಿ ತುಂಬ್ತು," ಎಂದಳು. ರೇಖಾ ನನ್ನ ಮುಖ ನೋಡಿದಳು. ಆ ಮಾತನ್ನು ಸೃಷ್ಟಿಯ ಬಾಯಲ್ಲಿ ಕೇಳಿ ನಮಗೆ ವರ್ಷವೇ ಆಗಿರಬೇಕು.

ಇನ್ನು ಮೇಲೆ ಸಂಜೆ ಏಳಕ್ಕೇ ನನ್ನ ಫೋನ್ ಕಪಾಟು ಸೇರುತ್ತದೆ. ನಿಮ್ಮ ಕಾಮೆಂಟುಗಳಿಗೆ ಉತ್ತರ ಬೆಳಿಗ್ಗೆ, ಅದೂ ಸೊಸೆ ಬೀಗದ ಕೈ ಕೊಟ್ಟರೆ.