ಅರ್ಧ ರೊಟ್ಟಿಗೆ ‘ಸ್ಲೈಟ್’

ಮೊನ್ನೆ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತ ಹೆಣ್ಣುಮಗಳು ಬುತ್ತಿ ಬಿಚ್ಚಿದಳು. ರೊಟ್ಟಿಯ ಮೇಲಿನ ಚಟ್ನಿಪುಡಿ, ಅದೇ ಅಗಸಿ ಹಿಂಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸವಕಲ್ಯಾಣದ ನಮ್ಮ ಓಣಿಯ ಇಂಗ್ಲಿಷ್ ಮಾಸ್ತರು ನೆನಪಾದರು...

ನಿವೃತ್ತರಾದ ಮೇಲೆ ಓಣಿಯವರ ರಜಾ ಅರ್ಜಿಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರು. ಹುಮನಾಬಾದಿನ ಗೋದಾಮಿನಲ್ಲಿ ಕೆಲಸ ಮಾಡುವ ನನಗಂತೂ ಅವರೇ ಗತಿ. ನಮ್ಮ ಮ್ಯಾನೇಜರಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬಂದ ಜ್ವರದ ಮೇಲೆ ನಂಬಿಕೆಯಿರಲಿಲ್ಲ.

ಮಾಸ್ತರೇನು ಸುಮ್ಮನೆ ಬರೆದುಕೊಡುವ ಆಸಾಮಿಯಲ್ಲ. ರೋಗಿಗೆ ಕಣ್ಣೆದುರು ರೊಟ್ಟಿ ತಿನ್ನಿಸಿಯೇ ಪೆನ್ನು ಹಿಡಿಯುವುದು. ಅರ್ಧ ರೊಟ್ಟಿ ಇಳಿದರೆ ಅರ್ಜಿಯಲ್ಲಿ ಸುಧಾರಣೆ ‘ಸ್ಲೈಟ್’, ಅಂದರೆ ಅಷ್ಟಿಷ್ಟು. ಒಂದು ಮುಗಿದರೆ ‘ಸ್ಟೆಡಿ’. ಹಿಂಡಿಗೆ ಉಪ್ಪು ಕಮ್ಮಿ ಎಂದು ಸೊಸೆಯ ಮೇಲೆ ರೇಗಿದರೆ ‘ರಿಮಾರ್ಕೆಬಲ್’. ನಮ್ಮವ್ವ ಜ್ವರದಿಂದ ಎದ್ದಾಗ, ಇನ್ನೆರಡು ದಿನ ರಜೆ ಗಿಟ್ಟಲಿ, ‘ಸ್ಲೈಟ್’ ಅಂತಲೇ ಬರೆಯಿರಿ ಎಂದು ಗೋಗರೆದೆ.

“ನಿಮ್ಮವ್ವ ಎರಡು ರೊಟ್ಟಿ ತಿಂದಾಳ, ತಂಗಿ. ನಾ ಸುಳ್ಳು ಬರಿಯಂಗಿಲ್ಲ,” ಎಂದರು.

ಹಾಳಾದ ಪ್ರಾಮಾಣಿಕತೆ. ಮರುದಿನವೇ ಗೊಣಗುತ್ತ ಬಸ್ ಹತ್ತಿದೆ.

ಹೋದ ವರ್ಷ ಮಾಸ್ತರೇ ಹಾಸಿಗೆ ಹಿಡಿದರು. ಒಂಟಿ ಜೀವ, ರೊಟ್ಟಿ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ರಜೆ ಹಾಕಿ ಬೀದರಿನ ದವಾಖಾನೆಗೆ ಕರೆದೊಯ್ಯುತ್ತೇನೆ ಎಂದಾಗಲೆಲ್ಲ ಖಾಲಿ ತಾಟು ತೋರಿಸುತ್ತಿದ್ದರು.

“ಪೂರಾ ತಿಂದೀನಿ ನೋಡು. ‘ಸ್ಟೆಡಿ’ ಅದೀನಿ. ಸುಮ್ನ ರಜಾ ಯಾಕ ಹಾಳ್ಮಾಡ್ತಿ?”

ನಂಬಿದೆ. ಸುಳ್ಳು ಬರೆಯದ ಮನುಷ್ಯ ಸುಳ್ಳು ಹೇಳಿಯಾನೆಂದು ಯಾರಿಗೆ ಗೊತ್ತು? ಅವರ ಕಟ್ಟೆಯ ಕೆಳಗಿನ ಬಡಕಲು ನಾಯಿ ವಾರದಲ್ಲಿ ಗುಂಡಗಾದದ್ದು ಕಂಡ ಮೇಲೆಯೇ ನನ್ನ ರೊಟ್ಟಿ ಎಲ್ಲಿಗೆ ಹೋಗುತ್ತಿದೆ ಎಂಬುದು ತಲೆಗೆ ಹೊಳೆಯಿತು. ಸಿಟ್ಟೂ ಬಂತು, ಅಳುವೂ ಬಂತು. ಅವರನ್ನು ಕೇಳದೆ, ಆರೋಗ್ಯದಲ್ಲಿ ‘ರ್‍ಯಾಪಿಡ್’ ಕುಸಿತ ಎಂದು ನಾನೇ ಇಂಗ್ಲಿಷಿನಲ್ಲಿ ಮೊಬೈಲಿನಲ್ಲೇ ಅರ್ಜಿ ಬರೆದು ಕಳಿಸಿದೆ. ರಜೆ ಸಿಕ್ಕಿತು.

ಬೀದರಿನ ದಾರಿಯಲ್ಲಿ, ಜೀಪಿನಲ್ಲಿ ಮಲಗಿದ್ದವರು ನನ್ನ ಮೊಬೈಲ್ ಇಸಿದುಕೊಂಡು ಅರ್ಜಿ ಓದಿದರು. ಎರಡು ಸಲ ಓದಿದರು.

“ಶಬ್ದ ಬರೋಬರಿ ಅದ. ಇನ್ನ ನಿನಗ ನಾ ಬೇಕಾಗಂಗಿಲ್ಲ.”

“ಬೇಕ್ರಿ,” ಎಂದೆ.

ಮೂರನೆಯ ದಿನ ತೀರಿಕೊಂಡರು. ನಾಲ್ಕು ದಿನ ಮೊದಲೇ ಆ ನಾಯಿಯ ಹೊಟ್ಟೆ ನೋಡಿದ್ದರೆ... ಆ ಕೊರಗು ಇನ್ನೂ ಹೋಗಿಲ್ಲ.

“ತಗೋರಿ ಅಕ್ಕಾ,” ಎಂದು ಆ ಹೆಣ್ಣುಮಗಳು ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಕಾಲ ಬಳಿ ನಾಯಿಯೊಂದು ಬಾಲ ಆಡಿಸುತ್ತ ನಿಂತಿತ್ತು. ಅದಕ್ಕೊಂದು ಚೂರೂ ಹಾಕದೆ ಪೂರಾ ತಿಂದೆ.