ನೀಲಿ ಹಕ್ಕಿಗೆ ಸುರಿದ ಕಣ್ಣೀರು

ಗೇಮ್ ಪಾರ್ಲರಿನ ಮೆಕ್ಯಾನಿಕ್ ಇಪ್ಪತ್ತೆರಡು ವರ್ಷದಿಂದ, ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರಗಳ ಬೆನ್ನು ಬಿಚ್ಚಿ ರಿಪೇರಿ ಮಾಡುತ್ತ ಬಂದವನು. ಅಂಥ ಯಂತ್ರಗಳ ಬಗ್ಗೆಯೇ ಕಾರ್ಟೂನ್ ಸಿನಿಮಾ ಬಂದಿದೆಯೆಂದು ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಹೋದ. ತನ್ನ ಕೆಲಸ ಏನೆಂದು ಇವತ್ತಾದರೂ ಇವರಿಗೆ ತಿಳಿಯಲಿ ಎಂಬ ಆಸೆ.

ಸಿನಿಮಾದಲ್ಲಿ, ಕೆಟ್ಟುನಿಂತ ಯಂತ್ರದೊಳಗಿನ ನೀಲಿ ಹಕ್ಕಿಯೊಂದು ಮಂಕಾಗುತ್ತ ಬಂದಂತೆ ಇಡೀ ಥಿಯೇಟರು ಮೂಗೊರೆಸತೊಡಗಿತು. "ವೈರ್ ಸಡಿಲ ಆಗಿದೆ, ಎರಡು ನಿಮಿಷದ ಕೆಲಸ," ಎಂದು ಇವನು ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಸಾಲಿನ ಅಜ್ಜಿ "ಅಯ್ಯೋ ಕಂದಾ!" ಎಂದರು. 'ಆ ಡಬ್ಬಗಳಿಗೆ ಜೀವ ತೇಯ್ತೀರಲ್ಲ' ಎಂದು ದಿನಾ ಮೂದಲಿಸುವ ಹೆಂಡತಿಯೂ ಬಿಕ್ಕುತ್ತಿದ್ದಳು.

ಕೊನೆಗೆ ಪರದೆಯ ಮೇಲೊಬ್ಬ ಹುಡುಗಿ ಯಂತ್ರದ ಬೆನ್ನು ತೆರೆದು ಅತ್ತಳು; ಕಣ್ಣೀರು ಬಿದ್ದ ಸರ್ಕ್ಯೂಟ್ ಬೋರ್ಡು ಝಗ್ಗನೆ ಬೆಳಗಿ ಹಕ್ಕಿ ಹಾರಿತು. ಜನ ಚಪ್ಪಾಳೆ ತಟ್ಟಿದರು. ಇವನಿಗೆ ತಡೆಯಲಾಗಲಿಲ್ಲ.

"ನೀರು ಬಿದ್ರೆ ಬೋರ್ಡ್ ಸುಟ್ಟೋಗತ್ತೆ ಕಣ್ರೀ!" ಎಂದು ಕೂಗಿಬಿಟ್ಟ.

ಮಗಳು ಸೀಟಿನಲ್ಲೇ ಮುದುಡಿದಳು. "ಅಪ್ಪಾ, ಸುಮ್ನಿರಿ, ಮಾನ ಹೋಗತ್ತೆ."

ಮನೆಗೆ ಬಂದಮೇಲೂ ಹೆಂಡತಿಯ ಮೂಗಿನ ತುದಿ ಕೆಂಪಗೇ ಇತ್ತು. ಬೆಳಿಗ್ಗೆ ಬೆಸುಗೆ ಹಾಕುವಾಗ ಸುಟ್ಟು ಬೊಬ್ಬೆ ಎದ್ದಿದ್ದ ಹೆಬ್ಬೆರಳನ್ನು ಅವನು ಅವಳ ಕಣ್ಣ ಮುಂದೆಯೇ ಹಿಡಿದ.

"ಮುಲಾಮು ಕಪಾಟಲ್ಲಿದೆ, ಹಚ್ಕೊಳ್ಳಿ," ಎಂದು ಅವಳು ಮಗಳತ್ತ ತಿರುಗಿದಳು. "ಪಾಪ ಅಲ್ವೇನೇ, ಆ ಹಕ್ಕಿ?"