ಬಾವಲಿಯ ಚಿಗಟ

ಲಕ್ಕುಂಡಿಯ ಪಾಳು ಗುಡಿಯೊಂದರಲ್ಲಿ ಬಾವಲಿಗಳು ಮರಿಗಳನ್ನು ಎದೆಗೆ ಅವಚಿಕೊಂಡು ತೂಗುತ್ತಿದ್ದವು. ಕೆಳಗೆ ಬಿದ್ದ ಹಿಕ್ಕೆಯಲ್ಲಿ ಚಿಗಟಗಳು ಜಿಗಿಯುತ್ತಿದ್ದವು. ಆ ಹಿಕ್ಕೆಯನ್ನು ಹೊಲದ ಗೊಬ್ಬರಕ್ಕೆ ಒಯ್ಯುವ ಫಕೀರವ್ವ ಇಂದು ಹೊಗೆ ಹಾಕಲು ಕೆಂಡ, ಬೇವಿನ ಸೊಪ್ಪು ತಂದಿದ್ದರು.

“ಬುಟ್ಟಿ ಹಿಡಿಯಾಕ ಬಂದ ಮೊಮ್ಮಗಳಿಗೆ ಚಿಗಟ ಕಡದು ಮೈತುಂಬ ಗಂಧಿ ಎದ್ದಾವ್ರಿ. ಈ ಬಾವಲಿಗಳ್ನ ಓಡಿಸೇ ಬಿಡ್ತೀನಿ.”

“ಬಾವಲಿ ಚಿಗಟ ಮನುಷ್ಯರನ್ನು ಕಚ್ಚೋದಿಲ್ಲಮ್ಮ,” ಎಂದೆ, ಗುಡಿ ನೋಡಲು ಹೋಗಿದ್ದ ನಾನು.

“ಖರೇನ್ರಿ?”

“ಓದಿದ್ದೇನೆ.”

“ಕಲತವ್ರು ಹೇಳಿದ ಮ್ಯಾಲ ಆತು ಬಿಡ್ರಿ. ಪಾಪ, ಅವೂ ಬಾಣಂತ್ಯಾರು,” ಎಂದು ಕೆಂಡಕ್ಕೆ ನೀರು ಸುರಿದರು.

ಗದಗಿನ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿರುವಾಗ, ಎಲ್ಲಿ ಓದಿದ್ದೆನೆಂಬುದು ನೆನಪಾಗುತ್ತಿಲ್ಲ. ‘ಕಚ್ಚುವುದು ಅಪರೂಪ’ ಎಂದಷ್ಟೇ ಇತ್ತೇನೋ. ಮಗುವನ್ನು ಡಾಕ್ಟರಿಗೆ ತೋರಿಸಿ ಎಂದಾದರೂ ಹೇಳಿದೆನೇ? ಹೇಳಿದ್ದರೆ ಮೇಲೆ ಬರೆದಿರುತ್ತಿದ್ದೆ.